ಕೊಡಗಿನ ತೋಟದ ಮನೆಗೆ ಯಾವ ವೈರ್‌ಲೆಸ್ ನೆಟ್? ಬೆಟ್ಟ, ಮರ, ಮಳೆ ನೋಡಿ ಆರಿಸುವುದು ಹೇಗೆ

"ಸಿಮ್ ರೂಟರ್ ಸಾಕಾ? 5ಜಿ ಡಬ್ಬ ಹಾಕಿಸಲಾ? ಎದುರು ಗುಡ್ಡದಿಂದ ರೇಡಿಯೊ ಲಿಂಕ್ ತರಿಸಲಾ? ಇಲ್ಲ, ಸ್ಯಾಟಲೈಟ್ ಬರೋ ತನಕ ಕಾಯಲಾ?"

ಕೊಡಗಿನಲ್ಲಿ ತೋಟದೊಳಗೆ ಮನೆ ಇರುವವರು ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ. ಆದರೆ ಎಲ್ಲರ ಅಗತ್ಯ ಒಂದೇ ಅಲ್ಲ. ಕಕ್ಕಬ್ಬೆ ಕಡೆಯ ಹೋಂಸ್ಟೇಯವರಿಗೆ ಬಂದವರ ಯುಪಿಐ ಪಾವತಿ ಆಗಬೇಕು, ಕ್ಯಾಮೆರಾ ನಡೆಯಬೇಕು. ಬೆಂಗಳೂರಿನ ಕೆಲಸವನ್ನು ನಾಪೋಕ್ಲಿನಲ್ಲಿ ಕೂತು ಮಾಡುವ ಹುಡುಗಿಗೆ ವಿಡಿಯೊ ಮೀಟಿಂಗ್ ಕಡಿಯಬಾರದು. ಶಾಂತಳ್ಳಿ ಕಡೆ ಒಬ್ಬರೇ ಇರುವ ಅಜ್ಜಿಗೆ ಜುಲೈ ತಿಂಗಳ ರಾತ್ರಿ ಮಗನಿಗೆ ಒಂದು ಫೋನ್ ಹೋದರೆ ಸಾಕು. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ದುಡ್ಡು ಹಾಳು.

ನಾನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಎಷ್ಟನೇ ಜಿ ಅನ್ನುವುದಕ್ಕಿಂತ, ಟವರಿಗೂ ನಿಮ್ಮ ಮನೆಗೂ ನಡುವೆ ಏನಿದೆ ಅನ್ನುವುದು ಮುಖ್ಯ. ಬಯಲುಸೀಮೆಯಲ್ಲಿ ಸೊಗಸಾಗಿ ನಡೆಯುವ ಯಂತ್ರ ಇಲ್ಲಿ ಒಂದು ದಿಣ್ಣೆ ಅಡ್ಡ ಬಂದರೆ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ತೋಟ ಸುತ್ತಬೇಕು.

ಅದಕ್ಕೂ ಮುಂಚೆ: ನಿಮ್ಮ ಮನೆ ತನಕ ಫೈಬರ್ ಬರುತ್ತದೆ ಅಂದರೆ ತಗೊಳ್ಳಿ. ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾದರೆ ದಿನಗಟ್ಟಲೆ ಕಾಯಬೇಕಾಗಬಹುದು, ಅದಕ್ಕೆ ಜೊತೆಗೊಂದು ಸಿಮ್ ಇಟ್ಟುಕೊಳ್ಳಿ. ಫೈಬರ್ ಬಾರದ ಮನೆಗಳಿಗೆ ಈ ಬರಹ.

ಯಾವ ಅಳತೆಗೋಲು ಹಿಡಿಯಬೇಕು?

ಮೊದಲನೆಯದು ಬಳಕೆ. ಯುಪಿಐ, ವಾಟ್ಸಾಪ್‌ಗೆ ತೀರಾ ಕಡಿಮೆ ಡೇಟಾ ಸಾಕು. ವಿಡಿಯೊ ಮೀಟಿಂಗ್‌ಗೆ ಹೋಗುವ ದಾರಿ, ಬರುವ ದಾರಿ ಎರಡರಲ್ಲೂ 2ರಿಂದ 4 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ವೇಗದ ಅಳತೆ) ಬೇಕು. ಕ್ಯಾಮೆರಾಗೆ ಬೇಕಾದ್ದು ಅಪ್‌ಲೋಡ್ ವೇಗ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಡೌನ್‌ಲೋಡ್ ವೇಗ ಮಾತ್ರ, ಇದನ್ನು ನೆನಪಿಡಿ.

ಎರಡನೆಯದು ದಾರಿಯಲ್ಲಿರುವ ಬೆಟ್ಟ ಮತ್ತು ಮರ. 700, 850, 900 ಮೆಗಾಹರ್ಟ್ಸ್‌ನ ಅಲೆಗಳು ಉದ್ದ. ಅವು ದಿಣ್ಣೆಯ ಅಂಚಿನಲ್ಲಿ ಸ್ವಲ್ಪ ಬಾಗುತ್ತವೆ, ಎಲೆಗಳ ನಡುವೆ ನುಸುಳುತ್ತವೆ. 2300 ಮತ್ತು 3300 ಮೆಗಾಹರ್ಟ್ಸ್‌ನವು ವೇಗ ಜಾಸ್ತಿ ಕೊಡುತ್ತವೆ, ಆದರೆ ನೆಟ್ಟಗೆ ಹೋಗಲು ನೋಡುತ್ತವೆ. ನೀರು ಹಿಡಿದ ಎಲೆ ಅವಕ್ಕೆ ಗೋಡೆ ಇದ್ದ ಹಾಗೆ. ಒಂದೇ ಕಂಪನಿಯ ಒಂದೇ ಟವರಿನಿಂದ ಮೇಲಿನ ಮನೆಗೆ ವೇಗ ಬಂದು ಕೆಳಗಿನ ಲೈನ್ ಮನೆಗೆ (ತೋಟದ ಕೆಲಸಗಾರರ ಸಾಲುಮನೆಗೆ) ಬಾರದಿರುವುದು ಇದೇ ಕಾರಣಕ್ಕೆ.

ಮೂರನೆಯದು ಮಳೆಗಾಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕರೆಂಟ್ ಹೋಗುವುದೂ ಆಗಲೇ, ಫೋನ್ ತೀರಾ ಬೇಕಾಗುವುದೂ ಆಗಲೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಜನವರಿಯ ಬಿಸಿಲಿನಲ್ಲಿ ತೋರಿಸುವ ವೇಗಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಜುಲೈನಲ್ಲಿ ನಿಲ್ಲುತ್ತಾ ಅಂತ ಕೇಳುತ್ತೇನೆ.

ಆಮೇಲೆ ಖರ್ಚು. ಶುರುವಿನ ಖರ್ಚು ಬೇರೆ, ತಿಂಗಳ ಬಾಡಿಗೆ ಬೇರೆ. ಕೊನೆಗೆ ಕಾನೂನು. ರೇಡಿಯೊ ಅಲೆ ಅಂದರೆ ಎಲ್ಲರೂ ಸುಮ್ನೆ ಬಳಸುವ ಹಾಗಿಲ್ಲ.

ಫೋನ್ ಹಿಡಿದು ತೋಟ ಸುತ್ತಿ

ಫೋನಿನ ಗೆರೆಗಳನ್ನು ನಂಬಬೇಡಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಪರೀಕ್ಷೆಯ ಪುಟ ತೆರೆಯುತ್ತದೆ. ಅದು ತೆರೆಯದಿದ್ದರೆ ಸಿಗ್ನಲ್ ತೋರಿಸುವ ಉಚಿತ ಆ್ಯಪ್‌ಗಳಿವೆ. ಅಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಸಂಖ್ಯೆ ಇರುತ್ತದೆ, ಮೈನಸ್ ಚಿಹ್ನೆಯ ಜೊತೆ. ಟವರಿನ ಸಿಗ್ನಲ್ ಎಷ್ಟು ಬಲವಾಗಿ ಬರುತ್ತಿದೆ ಅನ್ನುವ ಅಳತೆ ಅದು. ಮೈನಸ್ 80 ಅಂದರೆ ತುಂಬಾ ಚೆನ್ನಾಗಿದೆ. ಮೈನಸ್ 100 ನಡೆಯುತ್ತದೆ. ಮೈನಸ್ 115 ದಾಟಿದರೆ ಮಾತು ಕಡಿಯುತ್ತದೆ. ಇದರಲ್ಲಿ ಹತ್ತು ಡಿಬಿ (ಡೆಸಿಬೆಲ್) ಅಂದರೆ ಹತ್ತು ಪಟ್ಟು. ಮೈನಸ್ 110 ಇದ್ದದ್ದು ಮೈನಸ್ 100 ಆದರೆ ಸಿಗ್ನಲಿನ ಬಲ ಹತ್ತು ಪಟ್ಟು ಏರಿತು ಅಂತ ಅರ್ಥ.

ಅಡುಗೆಮನೆಯಲ್ಲಿ, ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಸ್ಟ್ಯಾಂಡ್ ಹತ್ತಿರ, ಕಾಫಿ ಒಣಗಿಸುವ ಕಣದಲ್ಲಿ, ತೋಟದ ತುದಿಯ ಎತ್ತರದಲ್ಲಿ ಹೀಗೆ ಒಂದೊಂದು ಕಡೆ ನಿಂತು ಬರೆದುಕೊಳ್ಳಿ. ಎಲ್ಲ ಕಂಪನಿಯ ಸಿಮ್‌ನಲ್ಲೂ ನೋಡಿ. ಯಾವ ಬ್ಯಾಂಡ್, ಅಂದರೆ 850, 2300 ಹೀಗೆ ಎಷ್ಟು ಮೆಗಾಹರ್ಟ್ಸ್‌ನ ಅಲೆ ಅಂತಲೂ ಬರೆದಿಡಿ. ಶನಿವಾರ ಸಂಜೆ ಮತ್ತೊಮ್ಮೆ ವೇಗ ನೋಡಿ. ವಾರಾಂತ್ಯದಲ್ಲಿ ಪ್ರವಾಸಿಗರು ತುಂಬಿದರೆ ಸಿಗ್ನಲ್ ಅಷ್ಟೇ ಇದ್ದರೂ ವೇಗ ಬಿದ್ದುಹೋಗುತ್ತದೆ. ಆ ತೊಂದರೆಗೆ ಯಾವ ಆಂಟೆನಾದಲ್ಲೂ ಮದ್ದಿಲ್ಲ, ಕಂಪನಿ ಬದಲಿಸುವುದೇ ದಾರಿ.

ಈ ಒಂದು ಕಾಗದ ಕೈಯಲ್ಲಿದ್ದರೆ ಅರ್ಧ ನಿರ್ಧಾರ ಆದ ಹಾಗೆ.

ಸಿಮ್ ರೂಟರ್ ಮತ್ತು ಹೊರಗಿನ ಆಂಟೆನಾ

ಸಿಮ್ ರೂಟರ್ ಅಂದರೆ ಮೊಬೈಲ್ ಸಿಮ್ ಹಾಕಿದರೆ ಮನೆಗೆಲ್ಲ ವೈಫೈ ಕೊಡುವ ಡಬ್ಬ. ಮಾಳಿಗೆಯ ಮೇಲೆ ಮೈನಸ್ 110ಕ್ಕಿಂತ ಚೆನ್ನಾಗಿದೆ, ಮನೆಯೊಳಗೆ ಏನೂ ಇಲ್ಲ ಅನ್ನುವವರಿಗೆ ಇದು ಮೊದಲ ಆಯ್ಕೆ. ನಮ್ಮ ಹಳೆಯ ಮನೆಗಳ ದಪ್ಪ ಗೋಡೆ, ಈಗಿನ ತಗಡಿನ ಮಾಡು, ಎರಡೂ ಸಿಗ್ನಲ್ ತಡೆಯುತ್ತವೆ. ಆಂಟೆನಾ ಹೊರಗೆ ಹೋದರೆ ಆ ನಷ್ಟ ತಪ್ಪುತ್ತದೆ.

ದೂರದರ್ಶನದ ಕಾಲದಲ್ಲಿ ಮನೆ ಮೇಲೆ ನಿಲ್ಲಿಸುತ್ತಿದ್ದ ಕಡ್ಡಿ ಆಂಟೆನಾ ನೆನಪಿದೆಯಲ್ವಾ? ಅದು ಜಪಾನಿನ ಶಿಂತಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ 1926ರಲ್ಲಿ ಜಗತ್ತಿಗೆ ಕೊಟ್ಟದ್ದು. ಒಂದು ಕಡ್ಡಿಗೆ ಮಾತ್ರ ವೈರ್ ಇರುತ್ತದೆ, ಉಳಿದವು ಸುಮ್ಮನೆ ನಿಂತೇ ಅಲೆಯನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುತ್ತವೆ. ನೂರು ವರ್ಷದ ಮೇಲೂ ದೂರದ ಟವರ್ ಹಿಡಿಯಲು ಇದೇ ತತ್ವ. ಆದರೆ ಯಾಗಿ ಆಂಟೆನಾ ಹೆಚ್ಚಾಗಿ ಒಂದು ಬ್ಯಾಂಡಿಗೆ ಹೊಂದಿಸಿದ್ದು. ಬರೆದಿಟ್ಟ ಬ್ಯಾಂಡಿಗೆ ಸರಿಹೊಂದುವುದನ್ನೇ ಕೊಳ್ಳಿ. ಬ್ಯಾಂಡ್ ಬದಲಾಗುವ ಜಾಗವಾದರೆ 700ರಿಂದ 2700 ಮೆಗಾಹರ್ಟ್ಸ್ ತನಕ ಹಿಡಿಯುವ ಲಾಗ್ ಪೀರಿಯಾಡಿಕ್ ಆಂಟೆನಾ ವಾಸಿ.

ಇನ್ನೊಂದು ಸಂಶೋಧನೆಯ ಮಾತು ಇಲ್ಲಿ ಹೇಳಲೇಬೇಕು. ಪೊಳ್ಳಾಚಿಯಲ್ಲಿ ಹುಟ್ಟಿ, ಭಾರತದ ನೌಕಾಪಡೆಯಲ್ಲಿ ದುಡಿದು, ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋದ ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಅವರ ಜೊತೆಗಿದ್ದ ಥಾಮಸ್ ಕೈಲತ್ 1992ರಲ್ಲಿ ಒಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. ಒಂದೇ ಆವರ್ತನದಲ್ಲಿ, ಒಂದೇ ಹೊತ್ತಿಗೆ, ಹಲವು ಆಂಟೆನಾಗಳಿಂದ ಬೇರೆ ಬೇರೆ ಮಾಹಿತಿ ಕಳಿಸಬಹುದು ಅನ್ನುವುದು ಅವರ ವಿಚಾರ. ಬೆಟ್ಟಕ್ಕೆ ಬಡಿದು, ಕಟ್ಟಡಕ್ಕೆ ತಾಗಿ ಹಲವು ದಾರಿಯಲ್ಲಿ ಬರುವ ಅಲೆಗಳನ್ನು ಅಲ್ಲಿಯವರೆಗೆ ಕಾಟ ಅಂತಲೇ ಎಣಿಸುತ್ತಿದ್ದರು. ಅದನ್ನೇ ಲಾಭ ಮಾಡಿಕೊಳ್ಳುವ ದಾರಿ ಇದು. ಮೈಮೊ ಅನ್ನುವ ಈ ವಿಧಾನ ಇಂದು 4ಜಿ, 5ಜಿ, ವೈಫೈ ಎಲ್ಲದರಲ್ಲೂ ಇದೆ. ಪೌಲ್‌ರಾಜ್ ಅವರಿಗೆ 2014ರಲ್ಲಿ ಮಾರ್ಕೋನಿ ಪ್ರಶಸ್ತಿ ಬಂತು.

ನಿಮ್ಮ ಜೇಬಿಗೂ ಇದಕ್ಕೂ ಏನು ಸಂಬಂಧ ಅಂದರೆ, 4ಜಿ ರೂಟರಿಗೆ ಎರಡು ಆಂಟೆನಾ, ಎರಡು ಕೇಬಲ್ ಬೇಕು. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ತಿರುಗಿಸಿ ಅಥವಾ ಎರಡನ್ನೂ 45 ಡಿಗ್ರಿ ಓರೆಯಾಗಿ ಕೂರಿಸುತ್ತಾರೆ. ಒಂದೇ ಆಂಟೆನಾ ಕೊಟ್ಟು ಕಳಿಸುವ ಅಂಗಡಿಯವರು ನಿಮಗೆ ಬರಬಹುದಾದ ವೇಗದಲ್ಲಿ ಅರ್ಧದಷ್ಟನ್ನು ಅಂಗಡಿಯಲ್ಲೇ ಇಟ್ಟುಕೊಂಡ ಹಾಗೆ. ಇನ್ನೊಂದು ಎಚ್ಚರಿಕೆ: ರೂಟರಿನ ಹಿಂದೆ ಕಾಣುವ ಕೋಲುಗಳು ಎಷ್ಟೋ ಸಲ ವೈಫೈ ಆಂಟೆನಾ ಮಾತ್ರ. 4ಜಿಗೆ ಬೇರೆ ಸಾಕೆಟ್ ಇದೆಯಾ ಅಂತ ಕೇಳಿ ತಗೊಳ್ಳಿ.

ಕೇಬಲ್‌ನಲ್ಲಿ ತುಂಬ ಜನ ಸೋಲುತ್ತಾರೆ. ತೆಳು ಕಪ್ಪು ಕೇಬಲ್‌ನಲ್ಲಿ 1800 ಮೆಗಾಹರ್ಟ್ಸ್‌ನ ಸಿಗ್ನಲ್ ಮೂರು ನಾಲ್ಕು ಮೀಟರಿಗೆ ಅರ್ಧ ಆಗುತ್ತದೆ. ಮಾಳಿಗೆಯಿಂದ ಹಾಲ್ ತನಕ 15 ಮೀಟರ್ ಎಳೆದರೆ ಆಂಟೆನಾ ಗಳಿಸಿದ್ದೆಲ್ಲ ಕೇಬಲ್‌ನಲ್ಲೇ ಮುಗಿಯಿತು. ಅದಕ್ಕೆ ನನ್ನ ಸಲಹೆ: ಆಂಟೆನಾ ಒಳಗೇ ಇರುವ, ಮಳೆಗೆ ನಿಲ್ಲುವ ಹೊರಾಂಗಣ ರೂಟರನ್ನು ಟ್ಯಾಂಕ್ ಸ್ಟ್ಯಾಂಡಿಗೆ ಕಟ್ಟಿ, ಕೆಳಗೆ ಈಥರ್ನೆಟ್ ಕೇಬಲ್ ಇಳಿಸಿ. ಅದೇ ಕೇಬಲ್‌ನಲ್ಲಿ ಕರೆಂಟೂ ಮೇಲೆ ಹೋಗುತ್ತದೆ, 100 ಮೀಟರ್ ತನಕ ಚಿಂತೆಯಿಲ್ಲ. ಒಳಾಂಗಣ ರೂಟರಿಗೆ ಸುಮಾರು 2ರಿಂದ 5 ಸಾವಿರ, ಹೊರಾಂಗಣದ್ದಕ್ಕೆ ಸುಮಾರು 5ರಿಂದ 10 ಸಾವಿರ ರೂಪಾಯಿ ಇಟ್ಟುಕೊಳ್ಳಿ. ತಿಂಗಳಿಗೆ ಸಿಮ್‌ನ ರೀಚಾರ್ಜ್ ಅಷ್ಟೇ. ದಿನದ ಡೇಟಾ ಮಿತಿ ಇರುವುದೇ ಇದರ ದೊಡ್ಡ ಕೊರತೆ. ಕ್ಯಾಮೆರಾ ಹಗಲು ರಾತ್ರಿ ಓಡಿಸುವವರಿಗೆ ಸಾಲದು.

5ಜಿಯ ಮನೆ ಸಂಪರ್ಕ

ಏರ್‌ಫೈಬರ್ ಅಂತ ಜನ ಕರೆಯುವುದು ಇದನ್ನೇ. ಕಂಪನಿಯವರೇ ಬಂದು ಮಾಡಿನ ಮೇಲೆ ಡಬ್ಬ ಕೂರಿಸುತ್ತಾರೆ, ತಿಂಗಳಿಗೆ 599 ರೂಪಾಯಿ ಮತ್ತು ತೆರಿಗೆಯಿಂದ ಪ್ಲಾನ್ ಶುರುವಾಗಿದ್ದವು. ಸಿಕ್ಕಿದರೆ ವೇಗಕ್ಕೂ ಡೇಟಾಕ್ಕೂ ಇದು ಸಿಮ್ ರೂಟರಿಗಿಂತ ಎಷ್ಟೋ ಮೇಲು. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಯಂಥ ಪೇಟೆಯ ಆಸುಪಾಸಿನವರು ಮೊದಲು ಇದನ್ನೇ ವಿಚಾರಿಸಲಿ.

ತೋಟದ ಒಳಗೆ ಮಾತು ಬೇರೆ. 5ಜಿಯ ವೇಗ ಹೆಚ್ಚಾಗಿ 3300 ಮೆಗಾಹರ್ಟ್ಸ್‌ನ ಮೇಲೆ ನಿಂತಿದೆ. ಸಿಲ್ವರ್ ಓಕ್ ಮರದ ಸಾಲು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಎಲ್ಲ ಒದ್ದೆಯಾದ ಮೇಲೆ ಅಲೆಗೆ ದಾರಿ ಉಳಿಯುವುದಿಲ್ಲ. ಇನ್ನೂ ಮೇಲಿನ 26 ಗಿಗಾಹರ್ಟ್ಸ್‌ನ ಮಿಲಿಮೀಟರ್ ಅಲೆಗಳಂತೂ ಇಲ್ಲಿಯವಲ್ಲ. ಆ ಬಗೆಯ ಅಲೆಗಳನ್ನು ಜಗದೀಶಚಂದ್ರ ಬೋಸ್ ಅವರು 1890ರ ದಶಕದಲ್ಲೇ ಕೋಲ್ಕತ್ತದಲ್ಲಿ ಹುಟ್ಟಿಸಿ ತೋರಿಸಿದ್ದರು ಅನ್ನುವುದು ನಮಗೆಲ್ಲ ಹೆಮ್ಮೆ. ಆದರೆ ಅವಕ್ಕೆ ಬಯಲೇ ಬೇಕು.

ಹಾಕಿಸುವುದಾದರೆ ಡಬ್ಬ ಕೂರಿಸುವ ಹುಡುಗನ ಹತ್ತಿರ ಮಾಡಿನ ಮೇಲೆಯೇ ವೇಗ ಪರೀಕ್ಷೆ ಮಾಡಿಸಿ, ಅಪ್‌ಲೋಡ್ ಸಂಖ್ಯೆಯನ್ನೂ ನೋಡಿ. ಆರು ತಿಂಗಳು, ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅನ್ನುತ್ತಾರೆ. ಮೊದಲ ಮಳೆಗಾಲ ಕಳೆಯುವ ತನಕ ತಿಂಗಳು ತಿಂಗಳೇ ಕಟ್ಟುವುದು ಕ್ಷೇಮ.

ಗುಡ್ಡದಿಂದ ಗುಡ್ಡಕ್ಕೆ ರೇಡಿಯೊ ಲಿಂಕ್

ನನಗೆ ತುಂಬಾ ಇಷ್ಟವಾದ ದಾರಿ ಇದು. ಕೊಡಗಿನ ನೆಲಕ್ಕೆ ಹೇಳಿ ಮಾಡಿಸಿದ್ದು ಅಂತ ನಂಬಿದ್ದೇನೆ. ನಿಮ್ಮ ಮನೆ ಗುಡ್ಡಗಳ ನಡುವಿನ ತಗ್ಗಿನಲ್ಲಿದೆ, ಸಿಗ್ನಲ್ ಇಲ್ಲ. ಆದರೆ ಒಂದು ಕಿಲೋಮೀಟರ್ ಆಚೆ ರಸ್ತೆ ಬದಿಯಲ್ಲಿ ನಿಮ್ಮದೇ ಇನ್ನೊಂದು ಕಟ್ಟಡ ಇದೆ, ಅಲ್ಲಿ ಫೈಬರ್ ಇದೆ. ಅಲ್ಲೊಂದು, ಇಲ್ಲೊಂದು ಸಣ್ಣ ಡಿಶ್ ಇಟ್ಟು 5 ಗಿಗಾಹರ್ಟ್ಸ್‌ನಲ್ಲಿ ಜೋಡಿಸಿದರೆ 100 ಎಂಬಿಪಿಎಸ್ ಆರಾಮವಾಗಿ ಹಾಯುತ್ತದೆ. ಈ ಬ್ಯಾಂಡನ್ನು ಸರ್ಕಾರ 2018ರಲ್ಲಿ ಹೊರಾಂಗಣ ಬಳಕೆಗೂ ಲೈಸೆನ್ಸ್‌ನಿಂದ ಮುಕ್ತ ಮಾಡಿತು. ಶಕ್ತಿಯ ಮಿತಿ ಉಂಟು, ಭಾರತಕ್ಕೆ ಹೊಂದಿಸಿ ಮಾರುವ ಯಂತ್ರಗಳು ಅದರೊಳಗೇ ಇರುತ್ತವೆ. ಜೋಡಿಗೆ ಸುಮಾರು 8ರಿಂದ 15 ಸಾವಿರ ರೂಪಾಯಿ. ತಿಂಗಳ ಬಾಡಿಗೆ ಏನೂ ಇಲ್ಲ.

ಬರೀ ಮಳೆ ಈ ಅಲೆಗೆ ಏನೂ ಮಾಡುವುದಿಲ್ಲ. ಮರವೇ ಕೆಡಿಸುವುದು. ಎರಡು ತುದಿಗೂ ಒಂದಕ್ಕೊಂದು ಕಾಣಬೇಕು, ಕಾಣುವುದಷ್ಟೇ ಸಾಲದು. ಅಲೆಗೆ ನಡುದಾರಿಯಲ್ಲಿ ಸುತ್ತ ಜಾಗ ಬೇಕು. ಒಂದು ಕಿಲೋಮೀಟರ್ ಲಿಂಕ್‌ನ ನಡುಮಧ್ಯದಲ್ಲಿ ನೇರ ಗೆರೆಯಿಂದ ಸುತ್ತಲೂ ಸುಮಾರು ಮೂರೂವರೆ ಮೀಟರ್ ಜಾಗ ಬೇಕು, ಅದರಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಮುಚ್ಚಿದರೆ ಸಿಗ್ನಲ್ ಸೊರಗುತ್ತದೆ. ಮರದ ತುದಿಯನ್ನು ಸವರಿಕೊಂಡು ಹೋಗುವ ದಾರಿ ಬೇಡ.

ದಾರಿ ನೋಡುವುದು ಸುಲಭ. ಮಂಜಿಲ್ಲದ ರಾತ್ರಿ ಒಬ್ಬರು ಆ ಮಾಡಿನ ಮೇಲೆ ಟಾರ್ಚ್ ಹಿಡಿಯಲಿ, ನೀವು ಈ ಕಡೆಯಿಂದ ನೋಡಿ. ಮಿಣುಕಿದರೆ ಮರ ಅಡ್ಡ ಇದೆ. ಈ ಪರೀಕ್ಷೆಯನ್ನು ಮರ ಕಪಾತು (ಕೊಂಬೆ ಕಡಿಯುವುದು) ಆದ ಕೂಡಲೇ ಮಾಡಬೇಡಿ. ಆಗ ದಾರಿ ಸ್ವಚ್ಛವಾಗಿ ಕಾಣುತ್ತದೆ, ಮುಂದಿನ ಚಿಗುರಿಗೆ ಮುಚ್ಚಿಹೋಗುತ್ತದೆ. ಕಪಾತಿಗೆ ಮುಂಚೆ, ಎಲೆ ತುಂಬಿರುವಾಗ ನೋಡಿ. ಡಿಶ್ ಅನ್ನು ಮರಕ್ಕೆ ಕಟ್ಟಬೇಡಿ, ಗಾಳಿಗೆ ಮರ ಓಲಾಡಿದರೆ ಗುರಿ ತಪ್ಪುತ್ತದೆ. ಜಿಐ ಪೈಪ್ ನೆಟ್ಟು ಬಿಗಿ ಮಾಡಿ.

ಪಕ್ಕದ ಮನೆಯವರಿಗೆ ದುಡ್ಡು ತಗೊಂಡು ಹೀಗೆ ಹಂಚುವ ಹಾಗಿಲ್ಲ, ನೆನಪಿರಲಿ. ಹೋಂಸ್ಟೇಯವರು ಅಥವಾ ಅಂಗಡಿಯವರು ಸಾರ್ವಜನಿಕರಿಗೆ ವೈಫೈ ಕೊಡಬೇಕಾದರೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಅನ್ನುವ ವ್ಯವಸ್ಥೆ ಇದೆ.

ಸ್ಯಾಟಲೈಟ್‌ಗೆ ಕಾಯಬೇಕಾ?

ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿಟ್ಟ ಉಪಗ್ರಹಗಳಿಂದ ಜಗತ್ತಿಗೆಲ್ಲ ಸುದ್ದಿ ಕಳಿಸಬಹುದು ಅಂತ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು. ನಮ್ಮ ಟಿವಿ ಡಿಶ್ ಆ ಕಡೆಗೇ ಮುಖ ಮಾಡಿದೆ. ಆದರೆ ನೆಟ್‌ಗೆ ಅಷ್ಟು ದೂರ ಭಾರ. ಕೇಳಿದ್ದು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ. ಮಾತಾಡುವಾಗ ಒಬ್ಬರ ಮೇಲೊಬ್ಬರು ಬೀಳುತ್ತೀರಿ. ಸ್ಟಾರ್‌ಲಿಂಕ್‌ನಂಥ ಹೊಸ ಉಪಗ್ರಹಗಳು ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವುದರಿಂದ ಆ ತಡ ಇಲ್ಲ. ಭಾರತದಲ್ಲಿ ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ.

ಬೆಟ್ಟದ ನೆತ್ತಿಯ ಒಂಟಿ ಮನೆಗೆ ಇದು ವರವೇ. ಆದರೆ ಅದಕ್ಕೆ ತೆರೆದ ಆಕಾಶ ಬೇಕು, ಒಂದು ಕಿಂಡಿ ಸಾಲದು. ಉಪಗ್ರಹಗಳು ಓಡುತ್ತಲೇ ಇರುವುದರಿಂದ ಒಂದು ಮರ ಅಡ್ಡ ಬಂದರೂ ಆಗಾಗ ಕಡಿಯುತ್ತದೆ. ಜೋರು ಮಳೆಗೂ ಸೊರಗುತ್ತದೆ. ಡಿಶ್ ಸಿಮ್ ರೂಟರಿಗಿಂತ ಹಲವು ಪಟ್ಟು ಕರೆಂಟ್ ತಿನ್ನುತ್ತದೆ. ನಿಮ್ಮ ಜಾಗಕ್ಕೆ ಅಧಿಕೃತ ಸೇವೆ ಇದೆ ಅಂತ ಖಚಿತ ಮಾಡಿಕೊಂಡೇ ದುಡ್ಡು ಕಟ್ಟಿ. ಹೊರದೇಶದಿಂದ ಯಾರೋ ತಂದುಕೊಡುವ ಕಿಟ್ ಮುಟ್ಟಬೇಡಿ.

ಬೂಸ್ಟರ್ ಬಗ್ಗೆ ಒಂದೇ ಮಾತು

ಆನ್‌ಲೈನ್‌ನಲ್ಲಿ, ಕೆಲವು ಅಂಗಡಿಗಳಲ್ಲಿ ಸಿಗ್ನಲ್ ಬೂಸ್ಟರ್ ಅಂತ ಮಾರುತ್ತಾರೆ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. ಅದು ಸಿಗ್ನಲ್ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಟವರಿಗೆ ಎಸೆಯುತ್ತದೆ, ಊರಿನವರೆಲ್ಲರ ಮಾತು ಕೆಡುತ್ತದೆ. ಬೇಡ.

ನೆಟ್ ಬೇಡ, ಸುದ್ದಿ ಮುಟ್ಟಿದರೆ ಸಾಕು ಅನ್ನುವವರಿಗೆ

ತೋಟದ ಕೆರೆಯ ನೀರಿನ ಮಟ್ಟ, ಪಂಪಿಗೆ ಕರೆಂಟ್ ಬಂತಾ ಇಲ್ಲವಾ, ಮೂಲೆಯಲ್ಲಿ ಎಷ್ಟು ಮಳೆಯಾಯಿತು, ಇವಕ್ಕೆಲ್ಲ ವೇಗ ಯಾಕೆ? ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುವ ಹೊತ್ತಿನಲ್ಲಿ ರಾತ್ರಿ ಪಂಪ್ ಹತ್ತಿರ ಓಡುವುದು ತಪ್ಪಿದರೆ ದೊಡ್ಡ ಉಪಕಾರ. ಇದಕ್ಕೆ ಲೋರಾ ಸರಿ, ಸಣ್ಣ ಸಣ್ಣ ಸುದ್ದಿಯನ್ನು ಕಡಿಮೆ ಕರೆಂಟಿನಲ್ಲಿ ದೂರ ಕಳಿಸುವ ರೇಡಿಯೊ. ಫ್ರಾನ್ಸಿನ ಗ್ರೆನೋಬಲ್‌ನ ಸಣ್ಣ ಕಂಪನಿಯೊಂದರಲ್ಲಿ ಹುಟ್ಟಿದ ತಂತ್ರ ಅದು, 2012ರಲ್ಲಿ ಸೆಮ್‌ಟೆಕ್ ಅದನ್ನು ಕೊಂಡಿತು. ಅಲೆಯ ಆವರ್ತನವನ್ನು ಮೆಲ್ಲಗೆ ಏರಿಸುತ್ತಾ ಇಳಿಸುತ್ತಾ ಕಳಿಸುವುದರಿಂದ ಗದ್ದಲದೊಳಗೆ ಹೂತುಹೋದ ಸಿಗ್ನಲನ್ನೂ ಹೆಕ್ಕಿ ತೆಗೆಯಬಹುದು. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಡಬ್ಬದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಅಂತ ಬರೆದಿದ್ದರೂ ನಮ್ಮ ಮರಗಳ ನಡುವೆ ಒಂದೆರಡು ಕಿಲೋಮೀಟರ್ ಅಂತಲೇ ಲೆಕ್ಕ ಹಾಕಿ. ಫೋಟೊ, ಮಾತು ಇದರಲ್ಲಿ ಹೋಗುವುದಿಲ್ಲ.

ಆನೆ ತೋಟಕ್ಕೆ ಇಳಿದದ್ದನ್ನು ಲೈನ್ ಮನೆಯವರಿಗೆ ತಿಳಿಸಲು ವಾಕಿಟಾಕಿ ಒಳ್ಳೆಯದು. ಸಿಮ್ ಬೇಡ, ಟವರ್ ಬೇಡ. 446.0ರಿಂದ 446.2 ಮೆಗಾಹರ್ಟ್ಸ್‌ನ, ಅರ್ಧ ವ್ಯಾಟಿನ, ಸರ್ಕಾರದ ಮಾದರಿ ಅನುಮೋದನೆ ಇರುವ ಸೆಟ್‌ಗೆ ಮಾತ್ರ ಲೈಸೆನ್ಸ್ ವಿನಾಯಿತಿ. ಕಡಿಮೆ ಬೆಲೆಗೆ ಐದು ವ್ಯಾಟ್ ಅಂತ ಸಿಗುವವು ಈ ವಿನಾಯಿತಿಯಲ್ಲಿ ಬರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಅಜ್ಜಿ ಮನೆಗೆ ಹೊರಾಂಗಣ ಸಿಮ್ ರೂಟರ್, ಅಜ್ಜಿಯ ಫೋನಿನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ಮನೆಯ ವೈಫೈ ಮೂಲಕ ಕರೆ) ಆನ್. ಇದಕ್ಕೆ ಬೇರೆ ದುಡ್ಡಿಲ್ಲ, ಮಾಮೂಲಿ ನಂಬರಿಂದಲೇ ಕರೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಒತ್ತುವುದು ಗೊತ್ತಿಲ್ಲದೆ ಎಷ್ಟೋ ಜನ ಮಳೆಯಲ್ಲಿ ಗುಡ್ಡ ಹತ್ತುತ್ತಾರೆ, ನೋಡಿದಾಗ ಸಂಕಟವಾಗುತ್ತದೆ.

ಮನೆಯಿಂದ ಕೆಲಸ ಮಾಡುವವರಿಗೆ ಒಂದೇ ಸಂಪರ್ಕ ಸಾಲದು. 5ಜಿ ಬಂದರೆ ಅದು, ಜೊತೆಗೆ ಬೇರೆ ಕಂಪನಿಯ ಸಿಮ್. ಎರಡೂ ಒಂದೇ ಟವರಿನಲ್ಲಿದ್ದರೆ ಟವರಿನ ಡೀಸೆಲ್ ಮುಗಿದಾಗ ಎರಡೂ ಒಟ್ಟಿಗೇ ಹೋಗುತ್ತವೆ, ಆದ್ದರಿಂದ ಬೇರೆ ದಿಕ್ಕಿನ ಟವರ್ ಹಿಡಿಯುವುದನ್ನು ಆರಿಸಿ. ಹೋಂಸ್ಟೇಗೆ, ಕ್ಯಾಮೆರಾ ಇರುವ ದೊಡ್ಡ ತೋಟಕ್ಕೆ, ಫೈಬರ್ ಇರುವ ಜಾಗ ಕಣ್ಣಿಗೆ ಕಂಡರೆ ರೇಡಿಯೊ ಲಿಂಕ್. ಶುರುವಿನ ಖರ್ಚು ಜಾಸ್ತಿ ಅನಿಸಿದರೂ ತಿಂಗಳ ಬಾಡಿಗೆ ಇಲ್ಲದ್ದರಿಂದ ಹಾಕಿದ ದುಡ್ಡು ಬೇಗ ಹುಟ್ಟುತ್ತದೆ. ಏನೂ ಕಾಣದ, ಏನೂ ಹಿಡಿಯದ, ಆದರೆ ಆಕಾಶ ತೆರೆದಿರುವ ಮನೆಯವರು ಮಾತ್ರ ಸ್ಯಾಟಲೈಟ್ ಕಡೆ ನೋಡಿ.

ಯಾವುದನ್ನೇ ಆರಿಸಿದರೂ ಬಜೆಟ್‌ನಲ್ಲಿ ಬ್ಯಾಟರಿಗೆ ಜಾಗ ಇಡಿ. ಹೊರಗಿನ ರೇಡಿಯೊ ಒಂದು 8 ವ್ಯಾಟ್ ತಗೊಂಡರೆ ದಿನಕ್ಕೆ 192 ವ್ಯಾಟ್ ಅವರ್. 12 ವೋಲ್ಟ್‌ನ 100 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ 1200 ವ್ಯಾಟ್ ಅವರ್ ಇರುತ್ತದೆ, ಬ್ಯಾಟರಿ ಬಾಳಲು ಅರ್ಧ ಮಾತ್ರ ಬಳಸಿದರೆ ಮೂರು ದಿನ ಬಂತು. ಒಳಗಿನ ವೈಫೈ ರೂಟರನ್ನೂ ಅದಕ್ಕೇ ಜೋಡಿಸಿದರೆ ಒಂದೂವರೆ ದಿನ. ಮಳೆಗಾಲದಲ್ಲಿ ಸೋಲಾರ್ ಮೇಲೆ ಭರವಸೆ ಇಡಬೇಡಿ. ರೇಡಿಯೊ ಲಿಂಕ್‌ಗೆ ಎರಡು ತುದಿಯಲ್ಲೂ ಬ್ಯಾಟರಿ ಬೇಕು ಅನ್ನುವುದು ಹಲವರಿಗೆ ಆಮೇಲೆ ಹೊಳೆಯುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬರುವ ಮುಂಚೆ ಪೈಪಿಗೆ ಅರ್ಥಿಂಗ್ ಕೊಡಿ. ಈಥರ್ನೆಟ್ ಕೇಬಲ್ ಮನೆಯೊಳಗೆ ಬರುವ ಕಡೆ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ನುಗ್ಗುವ ಕರೆಂಟನ್ನು ತಡೆಯುವ ಸಾಧನ) ಹಾಕಿ, ಅದನ್ನೂ ಅದೇ ಅರ್ಥಿಂಗ್‌ಗೆ ಸೇರಿಸಿ. ಕೇಬಲ್ ಒಳಗೆ ಬರುವ ಮೊದಲು ಕೆಳಗೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮೋಡ ಕಟ್ಟುವಾಗಲೇ, ಸಿಡಿಲಿನ ಸದ್ದು ಶುರುವಾಗುವ ಮುಂಚೆ, ಹೊರಗಿನಿಂದ ಬರುವ ಕೇಬಲನ್ನು ರೂಟರಿನಿಂದ ಕಿತ್ತು ಪಕ್ಕಕ್ಕಿಡಿ; ಸದ್ದು ಶುರುವಾದ ಮೇಲೆ ಅದನ್ನು ಮುಟ್ಟಬೇಡಿ.